ಆನೆ, ಮನೆ, ತೆನೆ

ಕಳೆದ ತಿಂಗಳು ಇಲಾಖೆಯ ಒಂದು ಸಭೆಗೆಂದು ಬಂಗಾರಪೇಟೆಯಿಂದ ಕಾಮಸಮುದ್ರದ ಬಸ್ಸು ಹತ್ತಿದ್ದೆ. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಚಕ್ರದ ಸದ್ದು ಇದ್ದಕ್ಕಿದ್ದಂತೆ ಮೆತ್ತಗಾಯಿತು. ಕಿಟಕಿಯಿಂದ ಬಗ್ಗಿ ನೋಡಿದರೆ ಡಾಂಬರು ರಸ್ತೆಯ ಉದ್ದಕ್ಕೂ ರಾಗಿ ಕಟ್ಟುಗಳನ್ನು ಬಿಚ್ಚಿ ಹಾಸಿದ್ದರು. ಹೋಗಿ ಬರುವ ಬಸ್ಸು ಲಾರಿಗಳೇ ಒಕ್ಕಣೆ ಮಾಡಬೇಕು. ಡ್ರೈವರು ಗೊಣಗಿಕೊಂಡೇ ನಿಧಾನ ಮಾಡಿದ. ಮೊರ ಹಿಡಿದು ನಿಂತಿದ್ದ ಹೆಂಗಸರು ನಗುತ್ತಾ ಪಕ್ಕಕ್ಕೆ ಸರಿದರು. ಒಣಹುಲ್ಲಿನ ದೂಳು ಗಪ್ಪೆಂದು ಒಳಗೆ ನುಗ್ಗಿತು. ಪಕ್ಕದ ಸೀಟಿನಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಮುಚ್ಚಿಕೊಳ್ಳಬೇಕು ಅನ್ನಿಸಲಿಲ್ಲ. ಆ ವಾಸನೆ ಬಂದರೆ ಸಾಕು, ನಾನು ಕೆಲವು ವರ್ಷಗಳ ಹಿಂದಿನ ಒಂದು ಸುಗ್ಗಿಗೆ ಹೋಗಿಬಿಡುತ್ತೇನೆ.

ಆ ವರ್ಷ ನನಗೆ ಕಾಮಸಮುದ್ರದಿಂದ ಆಚೆ, ಆಂಧ್ರದ ಗಡಿಗೆ ಹತ್ತಿರದ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ವರ್ಗವಾಗಿತ್ತು. ಮನೆ ಬಂಗಾರಪೇಟೆಯಲ್ಲಿ. ಬೆಳಿಗ್ಗೆ ಬೇಗನೆ ಬಸ್ಸು ಹಿಡಿದು, ಕೊನೆಯ ಸ್ಟಾಪಿನಲ್ಲಿ ಇಳಿದು, ಹುಣಸೆ ಮರಗಳ ನೆರಳಿನಲ್ಲಿ ನಡೆದರೆ ಶಾಲೆ ಸಿಗುತ್ತಿತ್ತು. ಎರಡೇ ಕೋಣೆ. ಒಂದರಲ್ಲಿ ಹೆಡ್‌ಮೇಷ್ಟ್ರು ಮುನಿರಾಜಪ್ಪನವರು ನಾಲ್ಕು, ಐದನೇ ತರಗತಿಯವರನ್ನು ನೋಡಿಕೊಳ್ಳುತ್ತಿದ್ದರು. ಇನ್ನೊಂದರಲ್ಲಿ ಒಂದರಿಂದ ಮೂರರವರೆಗಿನ ಮಕ್ಕಳೆಲ್ಲ ನನ್ನ ಪಾಲಿಗೆ. ಶಾಲೆಯ ಹಿಂದೆ ಹೊಲಗಳು, ಹೊಲಗಳ ಹಿಂದೆ ಕೆರೆ, ಕೆರೆಯ ಆಚೆಗೆ ಕುರುಚಲು ಕಾಡು.

ಮಕ್ಕಳು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ, ನನ್ನ ಮುಂದೆ ಪೂರ್ತಿ ಕನ್ನಡ ಮಾತಾಡುತ್ತಿದ್ದರು. ಓದು ಅಂದರೆ ಮಾತ್ರ ಅವರಿಗೆ ಬಾಯಿಪಾಠ. ಪುಸ್ತಕ ತೆರೆದು ಬೆರಳಿಟ್ಟು ಪಾಠವನ್ನು ಗಡಗಡ ಹೇಳುತ್ತಿದ್ದರು. ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದು ಸಾಲಿನಲ್ಲಿ. ಚರಣ್ ಎಂಬ ಎರಡನೇ ತರಗತಿಯ ಹುಡುಗ ಒಂದು ದಿನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಒಂದೂ ತಪ್ಪಿಲ್ಲದೆ ಇಡೀ ಪುಟ ಒಪ್ಪಿಸಿದ. ನಾನು ನಕ್ಕೆ, ಆದರೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ನಗು ಬರಲಿಲ್ಲ.

ಪಲ್ಲವಿ ಮೂರನೇ ತರಗತಿಯಲ್ಲಿದ್ದಳು. ಅವಳದು ಬೇರೆಯೇ ಕಥೆ. ಅಜ್ಜಿಯ ಕೈ ಹಿಡಿದು ಗೇಟಿನವರೆಗೆ ಬರುತ್ತಿದ್ದಳು. ಬಾಗಿಲ ಪಕ್ಕದ ಮೂಲೆಯಲ್ಲಿ ಕೂತು, ಬೋರ್ಡಿನ ಮೇಲಿದ್ದುದನ್ನು ಅಚ್ಚು ಹಾಕಿದ ಹಾಗೆ ನಕಲು ಮಾಡುತ್ತಿದ್ದಳು. ಏನು ಬರೆದೆಯೆಂದು ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಜೂನ್‌ನಲ್ಲಿ ನಾನು ಬಂದಾಗಿನಿಂದ ಅವಳ ದನಿಯನ್ನೇ ಕೇಳಿರಲಿಲ್ಲ. ಓದಲು ಬಾರದೆ ಸುಮ್ಮನಿದ್ದಾಳೋ, ಬಂದೂ ಸುಮ್ಮನಿದ್ದಾಳೋ ತಿಳಿಯುತ್ತಿರಲಿಲ್ಲ. ಮೊದಮೊದಲು ನಾಚಿಕೆಯೆಂದುಕೊಂಡಿದ್ದೆ.

ಆ ಸಲ ಮಳೆ ಚೆನ್ನಾಗಿತ್ತು. ಬಿತ್ತನೆಗೂ ಬಂತು, ಪೈರಿಗೂ ಬಂತು. ಶಾಲೆಯ ಹಿಂದಿನ ಹೊಲಗಳೆಲ್ಲ ಸೊಂಟದೆತ್ತರ ಬೆಳೆದು, ದಸರಾ ಹೊತ್ತಿಗೆ ರಾಗಿ ತೆನೆಯೊಡೆಯಿತು. ಊಟದ ಬಿಡುವಿನಲ್ಲಿ ಜಗಲಿಯ ಮೇಲೆ ನಿಂತು ನಾನು, "ಎಷ್ಟು ಚೆನ್ನಾಗಿದೆ ಸಾರ್, ಈ ವರ್ಷ ಎಲ್ಲರೂ ಖುಷಿಯಾಗಿರ್ತಾರೆ" ಅಂದೆ.

ಮುನಿರಾಜಪ್ಪನವರು ಕೆರೆಯ ಕಡೆಗೇ ನೋಡುತ್ತಾ, "ಖುಷೀನೇ ಮೇಡಂ. ಬೆಳೆ ಚೆನ್ನಾಗಾದ್ರೆ ಅವೂ ಬರ್ತವೆ, ಅದೊಂದೇ" ಅಂದರು.

'ಅವು' ಅಂದರೆ ಆನೆಗಳು. ಈ ಕಡೆಯ ಜನ ಸುಗ್ಗಿ ಹತ್ತಿರವಾದಾಗ ಅವುಗಳ ಹೆಸರು ಹೇಳುವುದೇ ಕಡಿಮೆ ಎಂದು ನನಗೆ ಆಮೇಲೆ ತಿಳಿಯಿತು.

ದಸರಾ ರಜೆ ಮುಗಿದು ಶಾಲೆ ತೆರೆದ ವಾರವೇ ಸೆಲ್ವಿ ಬಂದಳು. ಓದು ಕಲಿಸುವ ಒಂದು ಹೊಸ ಸಾಧನವನ್ನು ಕೆಲವು ಶಾಲೆಗಳಲ್ಲಿ ಪ್ರಯೋಗ ಮಾಡಿ ನೋಡುತ್ತಿದ್ದ ಒಂದು ಸಂಸ್ಥೆಯ ಹುಡುಗಿ. ಕೆಜಿಎಫ್‌ನ ನಂದಿದುರ್ಗದ ಲೈನ್ ಮನೆಯವಳು. ತಾತ ಗಣಿಯಲ್ಲಿ ದುಡಿದವರು. ಮನೆಮಾತು ತಮಿಳು. ಬೆನ್ನಿನ ಚೀಲದಿಂದ ಒಂದು ಟ್ಯಾಬು, ಅದಕ್ಕೊಂದು ಸ್ಟ್ಯಾಂಡು, ಸುತ್ತಿದ ಒಂದು ಬಣ್ಣದ ಚಾಪೆ, ಅಕ್ಷರ ಬರೆದ ರಟ್ಟಿನ ಬಿಲ್ಲೆಗಳ ಡಬ್ಬಿ ಎಲ್ಲವನ್ನೂ ತೆಗೆದು ನೆಲದ ಮೇಲಿಟ್ಟಳು. ಕೊಯ್ಲಿನವರೆಗೆ ಅವು ನಮ್ಮ ಶಾಲೆಯಲ್ಲೇ ಇರುತ್ತವೆ, ತಾನು ವಾರಕ್ಕೊಮ್ಮೆ ಬಂದು ನೋಡುತ್ತೇನೆ ಎಂದಳು.

"ಇದಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಅಂತಾರೆ ಮಿಸ್. ಪೇರು ದೊಡ್ಡದು, ಕೆಲಸ ಸಿಂಪಲ್ಲು. ಚಾಪೆ ಮೇಲೆ ಅಕ್ಷರ ಸರಿಯಾಗಿ ಜೋಡಿಸಿದ್ರೆ, ಆ ವಸ್ತು ಅಲ್ಲೇ ಎದ್ದು ನಿಲ್ಲುತ್ತೆ. ಬರೀ ಕಣ್ಣಿಗೆ ಕಾಣಲ್ಲ, ಟ್ಯಾಬಲ್ಲಿ ಕಾಣುತ್ತೆ."

ಮೊದಲು ಅವಳು 'ಗಿ', 'ಳಿ' ಜೋಡಿಸಿದಳು. ಟ್ಯಾಬಿನ ಪರದೆಯಲ್ಲಿ ನಮ್ಮದೇ ಕೋಣೆ, ನಮ್ಮದೇ ಸಿಮೆಂಟಿನ ನೆಲ, ಅದರ ಮೇಲಿನ ಚಾಪೆ ಕಾಣುತ್ತಿತ್ತು. ಆ ಚಾಪೆಯ ನಡುವಿನಿಂದ ಒಂದು ಹಸಿರು ಗಿಳಿ ಎದ್ದು, ರೆಕ್ಕೆ ಕೊಡವಿ, ಕತ್ತು ಓರೆ ಮಾಡಿ ಮಕ್ಕಳನ್ನು ನೋಡಿತು. ಇಡೀ ಕೋಣೆ ಒಂದೇ ಸಲ ಕಿರುಚಿತು. ಚರಣ್ ಚಾಪೆಯ ಮೇಲೆ ಕೈಯಾಡಿಸಿದ, ಏನೂ ಸಿಗಲಿಲ್ಲ. ಟ್ಯಾಬಿನ ಹಿಂದೆ ಕೈಹಾಕಿ ತಡಕಿದ. ಒಂದನೇ ತರಗತಿಯ ಒಂದು ಮಗು ಜೇಬಿನಿಂದ ಕಡಲೆಬೀಜ ತೆಗೆದು ಚಾಪೆಯ ಮೇಲಿಟ್ಟು, ಗಿಳಿ ತಿನ್ನಲೆಂದು ಕಾದು ಕೂತಿತು.

ಸೆಲ್ವಿಗೂ ಹುಮ್ಮಸ್ಸು ಬಂತು. "ಈಗ ನೋಡಿ" ಅಂದು 'ಆ' ಇಟ್ಟಳು, ಪಕ್ಕದಲ್ಲಿ 'ನೆ' ಇಟ್ಟಳು.

ಆನೆ ಎದ್ದಿತು. ಕಿವಿ ಬೀಸಿತು. ಸೊಂಡಿಲೆತ್ತಿ ಘೀಳಿಟ್ಟಿತು. ಟ್ಯಾಬಿನ ಸ್ಪೀಕರಿನ ಸದ್ದಿಗೆ ತಗಡಿನ ಕಪಾಟು ಕೂಡ ಗುಂಯ್ ಅಂದಿತು. "ಏನುಗು! ಏನುಗು!" ಎಂದು ಮಕ್ಕಳೆಲ್ಲ ತೆಲುಗಿನಲ್ಲೇ ಕೂಗಿದರು. ಆ ಗಲಾಟೆಯ ನಡುವೆ ಬಾಗಿಲ ಹತ್ತಿರ ಬೇರೆ ಥರದ ಒಂದು ಕೂಗು ಕೇಳಿಸಿತು. ಪಲ್ಲವಿ ಎದ್ದು ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ನಾನು ಎದ್ದು ಹೋಗುವಷ್ಟರಲ್ಲಿ ಗೇಟು ದಾಟಿ, ಚಪ್ಪಲಿ ಕೂಡ ಬಿಟ್ಟು, ಮನೆಯ ದಾರಿ ಹಿಡಿದು ಓಡಿದ್ದಳು.

ನಡೆದದ್ದನ್ನು ಮುನಿರಾಜಪ್ಪನವರಿಗೆ ಹೇಳಿದಾಗ ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿ ಕಣ್ಣು ಮುಚ್ಚಿಕೊಂಡರು. "ನಿಮಗೆ ಮೊದಲೇ ಹೇಳಬೇಕಿತ್ತು ಮೇಡಂ" ಎಂದು ಶುರುಮಾಡಿದರು. ಹಿಂದಿನ ವರ್ಷದ ಸುಗ್ಗಿಯಲ್ಲಿ ಅವಳ ಅಪ್ಪ ನಾರಾಯಣಸ್ವಾಮಿ ರಾಗಿ ಕಾಯಲು ಹೊಲದ ಅಟ್ಟಣೆಯಲ್ಲಿ ಮಲಗುತ್ತಿದ್ದ. ಬೆಳಗಾದ ಮೇಲೆ ಭಯವಿಲ್ಲವೆಂದು ಇಳಿದಿದ್ದಾನೆ. ಅದೇ ಹೊತ್ತಿಗೆ ಅಜ್ಜಿ, ಮೊಮ್ಮಗಳು ಅವನಿಗೆ ಕಾಫಿ ತೆಗೆದುಕೊಂಡು ಹೋಗಿದ್ದಾರೆ. ಹಿಂಡು ಬಿಟ್ಟು ಹಿಂದೆ ಉಳಿದಿದ್ದ ಒಂಟಿ ಆನೆ ಕೆರೆಯ ಕೋಡಿಯ ಕಡೆಯಿಂದ ಎದುರಾಯಿತು. ಅವನು ಮಗಳನ್ನು, ತಾಯಿಯನ್ನು ಕೂಗಿ ಓಡಿಸಿ, ತಾನು ಬೇರೆ ದಿಕ್ಕಿಗೆ ಓಡಿದ. ಆನೆ ಅವನ ಹಿಂದೆ ಬಿತ್ತು. ಅವನು ಕಲ್ಲಿನ ಬದುವಿನ ಆಚೆಗೆ ಬಿದ್ದು ಕಾಲು ಮುರಿದುಕೊಂಡರೂ ಜೀವ ಉಳಿಯಿತು. ಮಗು ಎಲ್ಲವನ್ನೂ ನೋಡಿತ್ತು.

"ಆಮೇಲಿಂದ ಸ್ಕೂಲಲ್ಲಿ ಮಾತು ನಿಂತೋಯ್ತು ಮೇಡಂ. ಅದಕ್ಕೆ ಮುಂಚೆ ನಮ್ಮನ್ನ ಕೂರೋಕೆ ಬಿಡ್ತಿರಲಿಲ್ಲ, ಅಷ್ಟು ಮಾತಾಡ್ತಿದ್ಲು."

ಮರುದಿನ ಪಲ್ಲವಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸೆಲ್ವಿ ಫೋನು ಮಾಡಿ ವಿಷಯ ಕೇಳಿದವಳು, ತನ್ನ ಸುತ್ತಿನ ದಿನವಲ್ಲದಿದ್ದರೂ ಕೆಜಿಎಫ್‌ನಿಂದ ಬಂದುಬಿಟ್ಟಳು. ಶಾಲೆ ಬಿಟ್ಟ ಮೇಲೆ ಇಬ್ಬರೂ ಪಲ್ಲವಿಯ ಮನೆಗೆ ಹೋದೆವು. ಮಗುವಿನ ಚಪ್ಪಲಿ ನನ್ನ ಕೈಯಲ್ಲಿತ್ತು.

ನಾರಾಯಣಸ್ವಾಮಿ ಜಗಲಿಯ ಮೇಲೆ ಕಾಲು ಚಾಚಿ ಕೂತು ಹಗ್ಗ ಹೊಸೆಯುತ್ತಿದ್ದ. ಪಕ್ಕದಲ್ಲಿ ಊರುಗೋಲು. ಅವನ ಹೆಂಡತಿ ರತ್ನಮ್ಮ ಡೇರಿಗೆ ಹಾಲು ಹಾಕಲು ಹೊರಟವಳು ನಮ್ಮನ್ನು ಕಂಡು ಕ್ಯಾನು ಕೆಳಗಿಟ್ಟಳು. ಅಜ್ಜಿ ಮುನೆಮ್ಮ ಕೊಟ್ಟಿಗೆಯಿಂದ ಸೆಗಣಿ ಕೈಯಲ್ಲೇ ಬಂದರು.

"ನಮ್ ಕಣ್ಗೆ ಅದನ್ನ ತೋರ್ಸಾಕೆ ಯಂತ್ರ ಬೇಕಾ ಮೇಡಮ್ಮೋರೆ?" ಅಂದರು ಅಜ್ಜಿ. "ಇನ್ನೊಂದ್ ತಿಂಗ್ಳು ಕಳೀಲಿ, ಅವೇ ಬತ್ತವೆ."

ಸೆಲ್ವಿ ಕೈಮುಗಿದು, "ಗೊತ್ತಿರ್ಲಿಲ್ಲ ಅಜ್ಜಿ. ಸತ್ಯವಾಗ್ಲೂ ಗೊತ್ತಿರ್ಲಿಲ್ಲ" ಅಂದಳು. ಅವಳ ಕಣ್ಣು ತುಂಬಿತ್ತು. ಅದನ್ನು ನೋಡಿ ಅಜ್ಜಿ ಮೆತ್ತಗಾದರು. "ಓಗ್ಲಿ ಬಿಡಮ್ಮ, ನೀನೇನ್ ಬೇಕಂತ ಮಾಡಿದ್ಯಾ? ಕೂತ್ಕೊ" ಅಂದು ಕೈ ತೊಳೆಯಲು ಹೋದರು.

ನಾರಾಯಣಸ್ವಾಮಿ ಹಗ್ಗ ಪಕ್ಕಕ್ಕಿಟ್ಟ. "ನಾನೊಂದ್ ಯೋಚ್ನೆ ಮಾಡೀವ್ನಿ ಮೇಡಂ. ನಮ್ಮಕ್ಕ ಬಂಗಾರಪೇಟೇಲವ್ಳೆ, ಸ್ಟೇಷನ್ ಅತ್ರ. ಮಗೂನ ಅಲ್ಲೇ ಬಿಡಾನ ಅಂತ. ಅಲ್ಲೇ ಸ್ಕೂಲ್ಗೂ ಆಕಾನ. ಅಲ್ಲಿ ಅವೂ ಇಲ್ಲ, ಈ ಬಯಾನೂ ಇಲ್ಲ."

ಒಳಗಿನ ಬಾಗಿಲ ಹಿಂದಿನಿಂದ ಪಲ್ಲವಿ ಇಣುಕುತ್ತಿದ್ದಳು. ಅಪ್ಪನ ಮಾತು ಕೇಳಿದ್ದೇ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಯಾರೋ ಈಗಲೇ ಬಂದು ಎಳೆದುಕೊಂಡು ಹೋಗುತ್ತಾರೆ ಎನ್ನುವ ಹಾಗೆ.

"ಸ್ವಲ್ಪ ದಿನ ಇಲ್ಲೇ ಕಳಿಸಿ. ಅವಳಿರುವಾಗ ಆ ಆನೆ ತೆಗೆಯೋದಿಲ್ಲ. ನನ್ನ ಮಾತು" ಅಂದೆ.

ಅವನು ಮಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ದೀಪಾವಳಿ ಆಗ್ಲಿ. ಆಮೇಲ್ ನೋಡಾನ."

ಹಾಲಿನ ಕ್ಯಾನು ಎತ್ತಿಕೊಂಡು ನಮ್ಮ ಜೊತೆ ಬೀದಿಯ ತಿರುವಿನವರೆಗೆ ಬಂದ ರತ್ನಮ್ಮ, ಯಾರಿಗೂ ಕೇಳಿಸದ ಹಾಗೆ ಹೇಳಿದಳು: "ಮನೇಲಿ ವಟವಟ ಅಂತಾನೇ ಇರ್ತಾಳೆ ಮೇಡಂ. ಅವ್ಳು ಒಂಟೋದ್ರೆ ನಮ್ಮನೇಲಿ ಸದ್ದೇ ಇರಲ್ಲ."

ಪಲ್ಲವಿ ಮತ್ತೆ ಬರತೊಡಗಿದಳು. ಬಾಗಿಲ ಪಕ್ಕದ ಅದೇ ಜಾಗ. ಟ್ಯಾಬು ಹೊರಗೆ ಬಂದಾಗಲೆಲ್ಲ ಒಂದು ಕಾಲನ್ನು ಹೊಸ್ತಿಲ ಆಚೆಗಿಟ್ಟು ಕೂರುತ್ತಿದ್ದಳು. ನಾನು ಕೊಟ್ಟ ಮಾತಿನಂತೆ ಮರ, ಗಿಳಿ, ಹಸು, ಮೀನು ಇಷ್ಟರಲ್ಲೇ ಆಟ ನಡೆಸಿದೆ. ಮಕ್ಕಳು ಅದಕ್ಕೆ 'ಏಳೋ ಆಟ' ಎಂದು ಹೆಸರಿಟ್ಟರು. ಬೆಳಿಗ್ಗೆ ಗೇಟಿನಲ್ಲೇ "ಮಿಸ್, ಏಳೋ ಆಟ ಐತಾ ಇವತ್ತು?" ಎಂದು ಮುತ್ತಿಕೊಳ್ಳುತ್ತಿದ್ದರು. ಶಾಲೆ ತಪ್ಪಿಸುತ್ತಿದ್ದವರೂ ತಪ್ಪದೆ ಬರತೊಡಗಿದರು.

ಆದರೆ ಬಹಳ ದಿನ ಹೋಗುವ ಮೊದಲೇ ನನಗೊಂದು ಅನುಮಾನ ಶುರುವಾಯಿತು. ಮಕ್ಕಳು ಏಳುವುದನ್ನು ನೋಡುತ್ತಿದ್ದರು, ಅಕ್ಷರವನ್ನಲ್ಲ. ಹಸುವಿನ ಚಿತ್ರ ಬಂದ ಮೇಲೆ 'ಹಸು' ಅನ್ನುವುದಕ್ಕೆ ಓದು ಯಾಕೆ ಬೇಕು? ಪುಸ್ತಕ ತಲೆಕೆಳಗಾಗಿ ಹಿಡಿಯುತ್ತಿದ್ದ ಚರಣ್ ಈಗ ಟ್ಯಾಬು ನೋಡಿ ಹೇಳುತ್ತಿದ್ದ, ಅಷ್ಟೇ. ಸೆಲ್ವಿಗೆ ಹೇಳಿದಾಗ ಅವಳು ಬೇಜಾರು ಮಾಡಿಕೊಳ್ಳಲಿಲ್ಲ.

"ನಂಗೂ ಹಂಗೇ ಅನ್ಸಿತ್ತು ಮಿಸ್. ನಂಗೆ ಕನ್ನಡ ಓದೋಕೆ ಬಂದಿದ್ದೇ ಆರನೇ ಕ್ಲಾಸಲ್ಲಿ. ಅಲ್ಲೀವರೆಗೂ ಪಕ್ಕದವಳ ಬಾಯಿ ನೋಡಿ ಬಾಯಿ ಆಡಿಸ್ತಿದ್ದೆ."

ಇಬ್ಬರೂ ಕೂತು ಆಟದ ಕ್ರಮವನ್ನೇ ತಿರುಗಿಸಿದೆವು. ಟ್ಯಾಬಿನ ಮೇಲೆ ಒಂದು ಟವೆಲ್ಲು ಹೊದಿಸಿದೆವು. ಮೊದಲು ಬಿಲ್ಲೆ ಜೋಡಿಸಬೇಕು, ಗಟ್ಟಿಯಾಗಿ ಓದಬೇಕು, ಏನು ಏಳುತ್ತದೆಂದು ಹೇಳಬೇಕು. ಆಮೇಲೆ ಟವೆಲ್ಲು ತೆಗೆಯುವುದು. ಹೇಳಿದ್ದೇ ಎದ್ದರೆ ಇಡೀ ಗುಂಪು ಕುಣಿಯುತ್ತಿತ್ತು. ತಪ್ಪಾದರೆ ಖಾಲಿ ಚಾಪೆ. ಒಂದು ದಿನ ಚರಣ್ 'ಮ', 'ರ' ಜೋಡಿಸಿ, ಬೇಕೆಂದೇ 'ರ' ತೆಗೆದ. ಪರದೆಯ ಮೇಲಿದ್ದ ಮರ ಮಾಯವಾಯಿತು. ಮತ್ತೆ ಇಟ್ಟ, ಮತ್ತೆ ಬಂತು. "ನಾನು ಕೂತ್ಕೊ ಅಂದ್ರೆ ಕೂತ್ಕೊತದೆ ಕಣ್ಲಾ, ಏಳು ಅಂದ್ರೆ ಏಳ್ತದೆ!" ಎಂದು ಎಲ್ಲರಿಗೂ ತೋರಿಸಿಕೊಂಡ.

ಹೊಸ್ತಿಲ ಆಚೆಗಿದ್ದ ಪಲ್ಲವಿಯ ಕಾಲು ಅವತ್ತು ಒಳಗೆ ಬಂದದ್ದನ್ನು ನಾನು ನೋಡಿದೆ.

ಅದಾದ ಒಂದೆರಡು ದಿನಕ್ಕೆ ಡಬ್ಬಿಯಲ್ಲಿ ಒಂದು ಬಿಲ್ಲೆ ಕಾಣೆಯಾಯಿತು. "ಮಿಸ್, 'ನೆ' ಇಲ್ಲ!" ಎಂದು ಚರಣ್ ಕೂಗು ಹಾಕಿದ. ಚೀಲಗಳನ್ನೆಲ್ಲ ಕೊಡವಿದ್ದಾಯಿತು. ಪಲ್ಲವಿ ಮಾತ್ರ ಹುಡುಕಲು ಏಳಲಿಲ್ಲ. ಅವಳ ಬಲಗೈ ಲಂಗದ ಜೇಬಿನೊಳಗೆ ಮುಷ್ಟಿಯಾಗಿತ್ತು. ನಾನು ಎಲ್ಲರ ಮುಂದೆ ಕೇಳಲಿಲ್ಲ. ಊಟದ ಬಿಡುವಿನಲ್ಲಿ ಅವಳ ಪಕ್ಕ ಹೋಗಿ ಕೂತೆ. ಅವಳು ಸಾರಿನಲ್ಲಿ ಅನ್ನ ಕಲೆಸುತ್ತಾ, ಎಡಗೈಯಿಂದ ಜೇಬನ್ನು ಒತ್ತಿ ಹಿಡಿದಿದ್ದಳು. ಬಹಳ ಹೊತ್ತಿನ ಮೇಲೆ ತಟ್ಟೆ ನೋಡುತ್ತಲೇ ಕೇಳಿದಳು:

"ಮಿಸ್, ಇದಿಲ್ದಿದ್ರೆ ಅದು ಬರಾಕಾಗಲ್ಲ, ಅಲ್ವಾ?"

ಆ ದನಿ ನಾನು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿತ್ತು. ಸ್ವಲ್ಪ ಒರಟಾಗಿಯೂ ಇತ್ತು. ಅಷ್ಟು ತಿಂಗಳು ಕಾದ ದನಿ. "ಆಗಲ್ಲ. ಅದಿಲ್ಲದೆ ಹೇಗೆ ಬರುತ್ತೆ?" ಅಂದೆ. ಅವಳು ಸಮಾಧಾನದಿಂದ ತಲೆಯಾಡಿಸಿ ಊಟ ಮುಂದುವರಿಸಿದಳು.

ಅವಳು ಕೈ ತೊಳೆಯಲು ಎದ್ದು ಹೋದ ಮೇಲೆ ನನಗೆ ಹೊಳೆಯಿತು. ಆ ಡಬ್ಬಿಯಲ್ಲಿ 'ನ' ಇತ್ತು, 'ನಾ', 'ನಿ', 'ನು', 'ನೇ' ಎಲ್ಲ ಇದ್ದವು. ದೂರದಿಂದ ನೋಡಿದರೆ ಎಲ್ಲ ಒಂದೇ ಥರ. ಅಷ್ಟರ ನಡುವೆ ಸರಿಯಾಗಿ 'ನೆ'ಯನ್ನೇ ಆರಿಸಿ ಎತ್ತಿಟ್ಟುಕೊಂಡಿದ್ದಾಳೆ ಅಂದರೆ, ಈ ಮಗು ಓದಿದೆ. ಹೊಸ್ತಿಲ ಆಚೆಗೆ ಕಾಲಿಟ್ಟುಕೊಂಡೇ ಓದಿದೆ. ಸ್ಟಾಫ್ ರೂಮೂ ಆಫೀಸೂ ಎರಡೂ ಆಗಿದ್ದ ಮುನಿರಾಜಪ್ಪನವರ ಮೇಜಿನ ಹತ್ತಿರ ಓಡಿ ಹೋಗಿ ಹೇಳಿದೆ. ಅವರು ಮೊಸರನ್ನದ ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ಎದ್ದು ನಿಂತು, "ಮಾತಾಡಿದ್ಲಾ?" ಎಂದು ಮೂರು ನಾಲ್ಕು ಸಲ ಕೇಳಿದರು.

ಸೆಲ್ವಿ ಮುಂದಿನ ವಾರ ಬಂದಾಗ ಇನ್ನೊಂದು 'ನೆ' ತಂದುಕೊಡುತ್ತೇನೆಂದಳು. ಬೇಡವೆಂದೆ. ಅವತ್ತು ಬೋರ್ಡಿನ ಮೇಲೆ 'ಮನೆ' ಎಂದು ಬರೆದು, ಚಾಪೆಯ ಮೇಲೆ ಜೋಡಿಸಲು ಹೇಳಿದೆ. ಮಕ್ಕಳು 'ಮ' ಇಟ್ಟು ಡಬ್ಬಿ ತಡಕಿದರು. "'ನೆ' ಇಲ್ದೆ ಮನೆ ಎಂಗ್ ಕಟ್ಟಾದು ಮಿಸ್?" ಎಂದು ಚರಣ್ ಗೊಣಗಿದ.

ಪಲ್ಲವಿ ಬೋರ್ಡು ನೋಡಿದಳು. ಚಾಪೆ ನೋಡಿದಳು. ತುಟಿ ಅಲುಗುತ್ತಿತ್ತು. ಆಮೇಲೆ ಎದ್ದು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. "ಮನೇಗೂ ಇದೇ ಬೇಕಾ?"

"ಇದೇ ಬೇಕು."

"ಆನೇದೂ ಮನೇದೂ ಒಂದೇನಾ?"

"ಕೊನೇದು ಒಂದೇ. ಮೊದಲನೇದು ಬೇರೆ."

ಅವಳಿಗೆ ಇದು ಅನ್ಯಾಯ ಅನ್ನಿಸಿರಬೇಕು. ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿ ನಿಂತಳು. ಕೊನೆಗೆ ಜೇಬಿನಿಂದ ಬಿಲ್ಲೆ ತೆಗೆದಳು. ಬೆವರಿಗೆ ಅದರ ಅಂಚು ಮೆತ್ತಗಾಗಿತ್ತು. ಚಾಪೆಯ ಹತ್ತಿರ ಹೋಗಿ, 'ಮ'ದ ಪಕ್ಕದಲ್ಲಿ ಇಟ್ಟು, ಕೈಯನ್ನು ಅಲ್ಲೇ ಹತ್ತಿರದಲ್ಲಿಟ್ಟುಕೊಂಡು ಕೂತಳು. "ಓದು" ಅಂದೆ. "ಮ… ನೆ" ಅಂದಳು. ಸೆಲ್ವಿ ಟವೆಲ್ಲು ತೆಗೆದಳು. ಕೆಂಪು ಹೆಂಚಿನ ಒಂದು ಪುಟ್ಟ ಮನೆ ಎದ್ದು ನಿಂತಿತು. ಅದರ ಬಾಗಿಲು ತೆರೆದುಕೊಂಡಿತು. ಯಾರೂ 'ನೆ' ಎಲ್ಲಿತ್ತೆಂದು ಕೇಳಲಿಲ್ಲ. ಮಕ್ಕಳಿಗೆ ಮನೆ ಸಿಕ್ಕಿದ್ದೇ ಸಾಕಾಗಿತ್ತು.

ಆನೆಯನ್ನು ಅವಳೇ ಕರೆದದ್ದು ದೀಪಾವಳಿಯ ಹಿಂದಿನ ದಿನ. ಊಟದ ಬಿಡುವಿನಲ್ಲಿ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. "ಮಿಸ್, ಟ್ಯಾಬ್ ಇಡಿ" ಅಂದಳು. ಇಟ್ಟೆ. "ಸೌಂಡು ತೆಗೀರಿ." ತೆಗೆದೆ. "ನೀವು ಇಲ್ಲೇ ಇರಿ, ಓಗ್ಬ್ಯಾಡಿ." ನಾನು ಅವಳ ಬೆನ್ನಿಗೆ ತಾಗಿಕೊಂಡು ಕೂತೆ. ಅವಳು 'ನೆ' ಮೊದಲು ಇಟ್ಟಳು. ಅದರ ಮೇಲಿನಿಂದ ಬೆರಳು ತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿ 'ಆ' ಹಿಡಿದು ಬಹಳ ಹೊತ್ತು ಕೂತಳು. ಹೊರಗೆ ಮಕ್ಕಳು ಕುಂಟೆಬಿಲ್ಲೆ ಆಡುವ ಸದ್ದು ಕೇಳುತ್ತಿತ್ತು. ಕೊನೆಗೆ ಇಟ್ಟಳು, ಬೆರಳೆತ್ತಿದಳು.

ಆನೆ ಎದ್ದು ಸದ್ದಿಲ್ಲದೆ ಕಿವಿ ಬೀಸಿತು. ಅವಳ ಬೆನ್ನು ನನ್ನ ಎದೆಗೆ ಒತ್ತಿಕೊಂಡಿತು. ಮರುಕ್ಷಣ ಅವಳ ಕೈ ಮುಂದೆ ಹೋಗಿ 'ನೆ'ಯನ್ನು ಕಿತ್ತುಕೊಂಡಿತು. ಖಾಲಿ ಚಾಪೆ.

"ಓಯ್ತು" ಅಂದಳು.

ಮತ್ತೆ ಇಟ್ಟಳು, ಮತ್ತೆ ಕಿತ್ತಳು. ಎಷ್ಟು ಸಲ ಮಾಡಿದಳೋ ನಾನು ಎಣಿಸಲಿಲ್ಲ. ಕೊನೆಕೊನೆಗೆ ಕೀಳುವುದು ತಡವಾಗತೊಡಗಿತು. ಬಗ್ಗಿ, ಅದರ ಕಣ್ಣು, ದಂತ, ಕಾಲುಗುರುಗಳನ್ನು ನೋಡಿ, "ಇದು ಸಣ್ಣದು. ನಮ್ದು ಇನ್ನೂ ದೊಡ್ದು" ಅಂದಳು. ಬೆಲ್ಲು ಹೊಡೆಯಿತು. ಅವಳು 'ಆ' ತೆಗೆದು 'ಮ' ಇಟ್ಟು, ಹಾಗೇ ಬಿಟ್ಟು ಎದ್ದಳು.

ಅಲ್ಲಿಂದಾಚೆಗೆ ಅವಳ ಜಾಗ ಬಾಗಿಲ ಪಕ್ಕದಿಂದ ಡಬ್ಬಿಯ ಪಕ್ಕಕ್ಕೆ ಬಂತು. ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನು ಬರುವಷ್ಟರಲ್ಲೇ ಅವಳು ಚಾಪೆ ಹಾಸಿ ಬಿಲ್ಲೆ ಜೋಡಿಸುತ್ತಿದ್ದಳು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. 'ನೆ'ಯ ಹಿಂದೆ ಒಂದೊಂದಾಗಿ ಬೇರೆ ಅಕ್ಷರ ಇಟ್ಟು ಬಾಯಲ್ಲಿ ಆಡಿಸಿ ನೋಡುತ್ತಿದ್ದಳು. ಕನೆ, ಪನೆ, ಗನೆ ಎಂದು ತಲೆಯಾಡಿಸಿ ತೆಗೆದಳು. 'ತೆ' ಇಟ್ಟವಳು ತಟ್ಟನೆ ನಿಂತಳು.

"ತೆ… ನೆ. ತೆನೆ! ಮಿಸ್, ತೆನೆ!"

ಓಡಿಬಂದ ಚರಣ್ ಟ್ಯಾಬು ತೋರಿಸಿ, "ಏನೂ ಏಳ್ಲಿಲ್ಲ, ತಪ್ಪು ತಪ್ಪು" ಅಂದ. ನಿಜ, ಪರದೆಯಲ್ಲಿ ಬರೀ ಚಾಪೆಯಿತ್ತು. ಸೆಲ್ವಿಯ ಸಂಸ್ಥೆಯವರು ಹಾಕಿದ್ದ ಪದಗಳಲ್ಲಿ ತೆನೆ ಇರಲಿಲ್ಲ. ನಾನು ಅದನ್ನು ಹೇಳುವ ಮೊದಲೇ ಪಲ್ಲವಿ ಎದ್ದು ಹೊರಗೆ ಓಡಿದಳು. ಬೇಲಿಯ ಆಚೆಗಿನ ಹೊಲದಿಂದ ಕಂದುಬಣ್ಣಕ್ಕೆ ತಿರುಗಿದ್ದ ಒಂದು ರಾಗಿ ತೆನೆ ಕಿತ್ತು ತಂದು, ಚಾಪೆಯ ನಡುವೆ, ಎರಡು ಬಿಲ್ಲೆಗಳ ಪಕ್ಕದಲ್ಲಿ ಇಟ್ಟಳು.

"ಈಗ ಐತೆ ನೋಡ್ಲಾ" ಅಂದಳು.

ಮರುದಿನದಿಂದ ಮಕ್ಕಳೆಲ್ಲ ಟ್ಯಾಬಿಗೆ ಗೊತ್ತಿಲ್ಲದ ಪದಗಳನ್ನು ಹುಡುಕುವುದೇ ಒಂದು ಆಟ ಮಾಡಿಕೊಂಡರು. ಮೊರ ಜೋಡಿಸಿ ಮೊರ ತಂದರು, ಬಳೆ ಜೋಡಿಸಿ ಬಳೆ ತಂದರು. ಯಾರೋ 'ಕೋಳಿ' ಜೋಡಿಸಿ ನಿಜವಾದ ಕೋಳಿಯನ್ನೇ ಹಿಡಿದು ತಂದಾಗ ಮುನಿರಾಜಪ್ಪನವರು ಕೋಲು ಹಿಡಿದು ಅದನ್ನು ಕೋಣೆಯಿಂದ ಓಡಿಸಬೇಕಾಯಿತು. ಸೆಲ್ವಿ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಿಸ್, ಇದನ್ನ ನಮ್ಮ ಆಫೀಸಲ್ಲಿ ಹೇಳಿದ್ರೆ ಯಾರೂ ನಂಬಲ್ಲ" ಅಂದಳು. ಕೊಯ್ಲು ಮುಗಿಯುವ ಹೊತ್ತಿಗೆ ಟ್ಯಾಬು ಮುಂದಿನ ಶಾಲೆಗೆ ಹೋಗಬೇಕಿತ್ತು. ಹೋಯಿತು. ಮಕ್ಕಳು ಒಂದು ದಿನ ಮುಖ ಊದಿಸಿಕೊಂಡಿದ್ದರು. ಬಿಲ್ಲೆಗಳ ಡಬ್ಬಿಯನ್ನು ಸೆಲ್ವಿ ನಮಗೇ ಬಿಟ್ಟು ಹೋಗಿದ್ದಳು. ಅದರ ಪಕ್ಕದಲ್ಲೇ ಕಥೆಪುಸ್ತಕಗಳನ್ನು ಜೋಡಿಸಿಟ್ಟ ಒಂದು ಮೂಲೆಯೂ ಸೇರಿಕೊಂಡಿತು. ಈಗ ಮಕ್ಕಳ ಬೆರಳು, ಬಾಯಿ ಎರಡೂ ಒಂದೇ ಸಾಲಿನಲ್ಲಿ ಇರುತ್ತಿದ್ದವು.

ಬಂಗಾರಪೇಟೆಯ ಅಕ್ಕನ ಮನೆಯ ಮಾತನ್ನು ನಾರಾಯಣಸ್ವಾಮಿ ಎತ್ತಿರಲಿಲ್ಲ, ಬಿಟ್ಟೂ ಇರಲಿಲ್ಲ. ರತ್ನಮ್ಮ ಸಿಕ್ಕಾಗಲೆಲ್ಲ "ಅವ್ರು ಇನ್ನೂ ಏನೂ ಏಳಿಲ್ಲ ಮೇಡಂ" ಅನ್ನುತ್ತಿದ್ದಳು.

ಆನೆಗಳು ಬಂದೇ ಬಂದವು. ರಾಗಿ ಕೊಯ್ದು, ಕಟ್ಟು ಕಟ್ಟಿ, ಕಣದಲ್ಲಿ ಬಣವೆ ಹಾಕಿದ್ದ ಸಮಯ. ಒಂದು ಬೆಳಿಗ್ಗೆ ನಾನು ಬಸ್ಸಿಳಿದು ಬರುವಾಗ ಊರಿನ ಬೀದಿಯಲ್ಲಿ ಜನ ಗುಂಪುಗುಂಪಾಗಿ ನಿಂತಿದ್ದರು. ಶಾಲೆಯ ಗೇಟಿನ ಹತ್ತಿರ ನಾರಾಯಣಸ್ವಾಮಿ ಊರುಗೋಲು ಊರಿ ಕಾಯುತ್ತಿದ್ದ.

"ಪಲ್ಲವಿ?" ಅಂದೆ.

"ಒಳಗವ್ಳೆ ಮೇಡಂ, ಏನೂ ಆಗಿಲ್ಲ." ಅವನು ಗೇಟಿನ ಕಂಬಕ್ಕೆ ಒರಗಿಕೊಂಡ. "ನೆನ್ನೆ ಸಾಯಂಕಾಲ ನಾನೂ ಪಕ್ಕದ್ ಒಲದೋರೂ ಕಣ ಕಾಯಾಕೆ ಒಂಟಿದ್ವಿ. ಬುತ್ತಿ ಕಟ್ಟಾಗಿತ್ತು. ಅಷ್ಟ್ರಲ್ಲಿ ಪೋನ್‌ಗೆ ಮೆಸೇಜ್ ಬಂತು. ಫಾರೆಸ್ಟೋರು ಕಳಿಸ್ತಾರಲ್ಲ, ಅದು. ನಂಗೆ ಅಕ್ಷರ ಎಲ್ಲಾ ಮರ್ತೋಗದೆ. ಯಾರನಾ ಫೋನ್ ಮಾಡಿ ಏಳ್ತಾರೆ ಬಿಡು ಅಂತ ಜೋಬ್ಗೆ ಆಕ್ಕಂಡೆ. ಇವ್ಳು ಕಿತ್ಕಂಡ್ಲು."

ಅವನು ಜೇಬಿನಿಂದ ಫೋನು ತೆಗೆದು ನನಗೆ ತೋರಿಸಿದ.

"ಕೂತ್ಕಂಡು ಒಂದೊಂದೇ ಅಕ್ಷರ ಓದಿದ್ಲು ಮೇಡಂ. ಆನೆ ಅಂತ ಓದಿದ್ಲು. ಕೆರೆ ಕೋಡಿ ಅಂತ ಓದಿದ್ಲು. ನಮ್ ಕಣ ಇರಾದೇ ಅಲ್ಲಿ. ಯಾರೂ ಓಗ್ಲಿಲ್ಲ. ಎಲ್ರಿಗೂ ಫೋನ್ ಮಾಡಿ ನಿಲ್ಲಿಸ್ದೆ. ಬೆಳಿಗ್ಗೆ ಓಗಿ ನೋಡಿದ್ರೆ ಬಣವೆ ಅರ್ಧ ಇಲ್ಲ. ಅಟ್ಟಣೇನ ಮುರ್ದು ಆಕವೆ."

"ಅಯ್ಯೋ, ರಾಗಿ" ಅಂದೆ.

"ರಾಗಿ ಓಯ್ತು, ಮುಂದಿನ್ ವರ್ಷ ಬೆಳೀತದೆ. ಅಟ್ಟಣೆ ಮೇಲೆ ನಾಲ್ಕು ಜನ ಇರ್ಬೇಕಿತ್ತು." ಅವನು ಕಣ್ಣೊರೆಸಿಕೊಂಡು, ಊರುಗೋಲನ್ನು ಸರಿಯಾಗಿ ಹಿಡಿದು ಹೊರಡಲು ತಿರುಗಿದ. ಆಮೇಲೆ, ಈ ಮಾತು ಹೇಳಲೆಂದೇ ಅಷ್ಟು ಹೊತ್ತು ಕಾದವನಂತೆ, "ಬಂಗಾರಪೇಟೆಗೆ ಕಳ್ಸಲ್ಲ ಮೇಡಂ. ಮನೇಲಿ ಓದೋರು ಒಬ್ರಿರ್ಬೇಕು" ಅಂದ.

ಅವನು ನಿಧಾನವಾಗಿ ಬೀದಿಯ ತಿರುವು ದಾಟುವವರೆಗೆ ನೋಡುತ್ತಾ ನಿಂತಿದ್ದು ನಾನು ಕೋಣೆಗೆ ಹೋದೆ. ಪಲ್ಲವಿಯ ಸುತ್ತ ಮಕ್ಕಳೆಲ್ಲ ಮುತ್ತಿಕೊಂಡಿದ್ದರು. ಅವಳು ಆಗಲೇ ಕಥೆಯನ್ನು ಒಂದು ಸುತ್ತು ಹೇಳಿ ಮುಗಿಸಿ, ಎರಡನೇ ಸುತ್ತು ಶುರುಮಾಡಿದ್ದಳು. ನನ್ನನ್ನು ಕಂಡ ಕೂಡಲೇ ಗುಂಪು ಸೀಳಿಕೊಂಡು ಬಂದಳು.

"ಮಿಸ್, ಒಂದ್ ಪದ ಓದಿದೆ, ಅರ್ಥ ಗೊತ್ತಾಗ್ಲಿಲ್ಲ. ಎಚ್ಚರಿಕೆ ಅಂದ್ರೆ ಏನು?"

'ಚ್ಚ' ಎಂಬ ಒತ್ತಕ್ಷರವನ್ನು ನಾನು ಅವಳಿಗೆ ಇನ್ನೂ ಕಲಿಸಿರಲೇ ಇಲ್ಲ. ಅದನ್ನು ಹೇಗೆ ಬಿಡಿಸಿಕೊಂಡಳೋ. "ಎಚ್ಚರಿಕೆ ಅಂದರೆ ಹುಷಾರು. ಹುಷಾರಾಗಿರಿ ಅಂತ" ಅಂದೆ.

ಪಲ್ಲವಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದಳು.

"ಅಂಗಂತ್ಲೇ ಬರೀಬೋದಿತ್ತಲ್ಲ ಮಿಸ್? ನಾನು ಎಷ್ಟೊತ್ತು ಒದ್ದಾಡಿದೆ ಗೊತ್ತಾ!"